ಬಾಂಬ್ ದಾಳಿಯ ಚಿತ್ರ: ಕ್ಯಾಮೆರಾ ಎಲ್ಲಿತ್ತು, ಗಂಟೆ ಎಷ್ಟಾಗಿತ್ತು?

ಸಂಪಾದಕರಿಗೆ,

ಮಾನ್ಯರೇ,

ಎರಡನೇ ಮಹಾಯುದ್ಧದ ಇಟಲಿ ರಣರಂಗಕ್ಕೆ ನಿಮ್ಮ ಭಾನುವಾರದ ಪುರವಣಿ ಒಂದಿಡೀ ಪುಟ ಕೊಟ್ಟಿದ್ದು ಸಂತೋಷ. 1944ರಲ್ಲಿ ಕಸ್ಸಿನೊ ಊರು ಮತ್ತು ಅದರ ಮೇಲಿನ ಮಠದ ಬೆಟ್ಟಕ್ಕಾಗಿ ನಡೆದ ಮಾಂಟೆ ಕಸ್ಸಿನೊ ಕದನದಲ್ಲಿ ನಮ್ಮವರ ಪಾಲು ದೊಡ್ಡದು. ಅಲ್ಲಿ ಹೋರಾಡಿದ 4ನೇ ಭಾರತೀಯ ಡಿವಿಷನ್ನಿನ ಜೊತೆ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದ 12ನೇ ಫೀಲ್ಡ್ ಕಂಪನಿಯೂ ಇತ್ತು. ಆ ದಳದ ಕೇಂದ್ರ ಆಗಲೂ ಈಗಲೂ ಬೆಂಗಳೂರೇ. ಹಾಗಾಗಿ ಲೇಖನ ಬೇಕಾದದ್ದೇ. ತಕರಾರು ಇರುವುದು ಅದರೊಂದಿಗೆ ಅಚ್ಚಾದ ನಾಲ್ಕು ಚಿತ್ರಗಳ ಬಗ್ಗೆ. ನಾಲ್ಕರ ಅಡಿಬರಹವೂ ಒಂದಲ್ಲ ಒಂದು ಬಗೆಯಲ್ಲಿ ತಪ್ಪು; ಒಂದು ಚಿತ್ರವಂತೂ ತಲೆಕೆಳಗಾಗಿಯೇ ಅಚ್ಚಾಗಿದೆ. ಇಂಥ ತಪ್ಪುಗಳು ನಿಮ್ಮ ಪತ್ರಿಕೆಯವಷ್ಟೇ ಅಲ್ಲ. ಕಾಲಾಳುಪಡೆಯ ಮುನ್ನಡೆಗಾಗಿ ನಡೆದ ಭಾರೀ ಬಾಂಬ್ ದಾಳಿಗಳ ಚಿತ್ರಗಳನ್ನು ಎಲ್ಲೆಡೆ ಹೀಗೇ ಬಳಸುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ಆದರೆ ಅಂಕಿಗಳನ್ನು ಬಿಡಬೇಡಿ.

ಮೊದಲು ತಲೆಕೆಳಗಾದ ಚಿತ್ರ. ಅದು ಕಸ್ಸಿನೊ ಊರನ್ನು ವಿಮಾನದಿಂದ ನೇರ ಕೆಳಗೆ ನೋಡಿ ತೆಗೆದದ್ದು. 'ಬಾಂಬ್ ದಾಳಿಯಿಂದ ಎದ್ದ ಮಣ್ಣಿನ ದಿಬ್ಬಗಳು' ಎಂದು ಬರೆದಿದ್ದೀರಿ. ಅವು ದಿಬ್ಬಗಳಲ್ಲ, ಗುಂಡಿಗಳು. ಬೆಳಕು ಮೇಲಿನಿಂದ ಬೀಳುತ್ತದೆ ಎಂದೇ ನಮ್ಮ ಕಣ್ಣು ಎಣಿಸುತ್ತದೆ. ಆದ್ದರಿಂದ ಲಂಬ ವಾಯುಚಿತ್ರವನ್ನು ನೆರಳುಗಳು ನೋಡುವವನ ಕಡೆಗೆ ಬೀಳುವ ಹಾಗೆ ಇಟ್ಟರೆ ಗುಂಡಿ ಗುಂಡಿಯಾಗಿ, ಗೋಡೆ ಗೋಡೆಯಾಗಿ ಕಾಣುತ್ತವೆ. ನೆರಳು ನಮ್ಮಿಂದ ಆಚೆಗೆ ಬೀಳುವಂತೆ ತಿರುಗಿಸಿದರೆ ಗುಂಡಿಗಳು ಉಬ್ಬುತ್ತವೆ, ಕಟ್ಟಡಗಳು ತಗ್ಗುತ್ತವೆ. ಸಮಸ್ಯೆ ಹುಟ್ಟುವುದು ಇಲ್ಲೇ. ಉತ್ತರಾರ್ಧಗೋಳದ ಇಟಲಿಯಲ್ಲಿ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಪುಟ ವಿನ್ಯಾಸಕರು ಭೂಪಟದ ಅಭ್ಯಾಸದಿಂದ ಉತ್ತರವನ್ನು ಮೇಲಕ್ಕೆ ಇಟ್ಟುಬಿಡುತ್ತಾರೆ. ನೆರಳು ಮೇಲಕ್ಕೆ ಹೋಗುತ್ತದೆ, ಚಿತ್ರ ಒಳಹೊರಗಾಗುತ್ತದೆ. ವಾಯುಚಿತ್ರಕ್ಕೆ ದಕ್ಷಿಣವೇ ಮೇಲಿರಲಿ, ಬದಿಯಲ್ಲೊಂದು ಉತ್ತರದ ಬಾಣ ಹಾಕಿ. ಅಷ್ಟು ಸಾಕು.

ಅದೇ ಚಿತ್ರದ ಇನ್ನೊಂದು ತೊಂದರೆ ಅಳತೆಯದು. ಅಮೆರಿಕದ ಕೆ-17 ಕ್ಯಾಮೆರಾದ ನೆಗೆಟಿವ್ 9 ಇಂಚು ಅಗಲ, 9 ಇಂಚು ಉದ್ದ. 12 ಇಂಚಿನ ಲೆನ್ಸ್ ಹಾಕಿ 12,000 ಅಡಿ ಎತ್ತರದಿಂದ ತೆಗೆದರೆ ಪ್ರಮಾಣ 1:12,000. ಅಂದರೆ ಒಂದು ನೆಗೆಟಿವ್‌ನಲ್ಲಿ ಹಿಡಿಯುವುದು 9,000 ಅಡಿ, ಸುಮಾರು 2.7 ಕಿಲೋಮೀಟರ್ ಅಗಲದ ನೆಲ. 24 ಇಂಚಿನ ಲೆನ್ಸ್‌ನಿಂದ 24,000 ಅಡಿಯಲ್ಲಿ ತೆಗೆದರೂ ಪ್ರಮಾಣ ಇದೇ. ಈ ಪ್ರಮಾಣದಲ್ಲಿ 12 ಮೀಟರ್ ಅಗಲದ ಗುಂಡಿ ನೆಗೆಟಿವ್ ಮೇಲೆ 1 ಮಿಲಿಮೀಟರ್. ಚಿತ್ರವನ್ನು ಇಂಚಿಗೆ ನೂರು ಸಾಲಿನ ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ಪತ್ರಿಕೆಯಲ್ಲಿ ಅಷ್ಟು ಜಾಗಕ್ಕೆ ನಾಲ್ಕು ಚುಕ್ಕೆ ಸಿಗುತ್ತವೆ. ಇಡೀ ಚಿತ್ರವನ್ನು ಕುಗ್ಗಿಸಿ ಮೂರು ಕಾಲಂಗೆ ಇಳಿಸಿದಾಗ ಎರಡೇ ಚುಕ್ಕೆ. ಎರಡು ಚುಕ್ಕೆಯಲ್ಲಿ ಗುಂಡಿಯೂ ಒಂದೇ, ಬೋಳು ಮರವೂ ಒಂದೇ. ನೋಡುವವನಿಗೆ ಉಳಿಯುವುದು ಸಿಡುಬು ಎದ್ದ ಚರ್ಮದಂಥ ಒಂದು ಮಸುಕು. ಬದಲಿಗೆ ಚಿತ್ರದ ಕಾಲುಭಾಗ ಮಾತ್ರ ಆರಿಸಿಕೊಂಡು ಮೂಲದ ಗಾತ್ರದಲ್ಲೋ ಎರಡು ಪಟ್ಟಿನಲ್ಲೋ ಹಾಕಿ, ಕೆಳಗೆ 100 ಮೀಟರಿನ ಅಳತೆಗೆರೆ ಎಳೆದರೆ ಓದುಗ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಈ ಲೆಕ್ಕ ಬರೀ ಹವ್ಯಾಸದ ಮಾತಲ್ಲ. 1944ರ ಮಾರ್ಚ್ 15ರ ಬೆಳಿಗ್ಗೆ ಎಂಟೂವರೆಯಿಂದ ಮೂರೂವರೆ ಗಂಟೆ ಕಾಲ ಕಸ್ಸಿನೊ ಊರಿನ ಮೇಲೆ ಸಾವಿರ ಪೌಂಡಿನ ಬಾಂಬುಗಳು ಅಲೆ ಅಲೆಯಾಗಿ ಬಿದ್ದವು. ನೆಲಮಾಳಿಗೆಗಳವರೆಗೆ ಇಳಿದು ಸಿಡಿಯಲಿ ಎಂದು ಅವಕ್ಕೆ ತಡವಾಗಿ ಸಿಡಿಯುವ ಫ್ಯೂಜ್ ಹಾಕಿದ್ದರು. ಮೆದು ಮಣ್ಣಿನಲ್ಲಿ ಅಂಥ ಬಾಂಬು ತೋಡುವ ಗುಂಡಿ 12ರಿಂದ 15 ಮೀಟರ್ ಅಗಲ. ಶರ್ಮನ್ ಟ್ಯಾಂಕಿನ ಉದ್ದ ಆರು ಮೀಟರಿನ ಹತ್ತಿರ. ಬಾಂಬಿನ ಬೆನ್ನಿಗೇ ನುಗ್ಗಬೇಕಿದ್ದ ನ್ಯೂಜಿಲೆಂಡ್ ಪಡೆಯ ಟ್ಯಾಂಕುಗಳು ಆ ಗುಂಡಿ ಮತ್ತು ಕಲ್ಲುರಾಶಿಗಳ ಎದುರು ನಿಂತುಬಿಟ್ಟವು. ಸಂಜೆ ಸುರಿದ ಮಳೆ ಗುಂಡಿಗಳನ್ನು ತುಂಬಿಸಿತು. ಸೇತುವೆ ಹಾಕದೆ, ಬುಲ್ಡೋಜರ್ ತರದೆ ದಾರಿಯಿಲ್ಲ. ಇವನ್ನು ತರಲು ಇರುವ ದಾರಿಯೂ ಅದೇ ಗುಂಡಿಗಳ ನಡುವೆ. ಅತ್ತ ನೆಲಮಾಳಿಗೆ ಮತ್ತು ಸುರಂಗಗಳಲ್ಲಿ ಬದುಕುಳಿದ ಜರ್ಮನ್ ಪ್ಯಾರಾಟ್ರೂಪರ್‌ಗಳು ಅವಶೇಷಗಳ ಒಳಗಿಂದಲೇ ಗುಂಡು ಹಾರಿಸತೊಡಗಿದರು. ಇಷ್ಟೂ ವಿವರ ನೀವು ಅಚ್ಚು ಹಾಕಿದ ಆ ಒಂದು ಚಿತ್ರದಲ್ಲೇ ಇದೆ. ಗುಂಡಿಗಳ ಅಂಚು ಒಂದಕ್ಕೊಂದು ತಾಗಿರುವ ರಸ್ತೆಯನ್ನು ಅಳೆದು ನೋಡಿದರೆ ಟ್ಯಾಂಕು ಏಕೆ ಹೋಗಲಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. 'ದಾಳಿ ಮುನ್ನಡೆಗೆ ದಾರಿ ಮಾಡಿಕೊಟ್ಟಿತು' ಎಂಬ ನಿಮ್ಮ ಅಡಿಬರಹಕ್ಕೆ ಅದರ ಮೇಲಿರುವ ಚಿತ್ರವೇ ವಿರುದ್ಧ ಸಾಕ್ಷಿ.

ಎರಡನೆಯದು ಬೆಟ್ಟದ ಮೇಲಿನ ಮಠದಿಂದ ಹೊಗೆ ಏಳುತ್ತಿರುವ ಚಿತ್ರ. ಫೆಬ್ರುವರಿ 15ರ ದಾಳಿಯದು. ಆ ದಿನ 142 ಬಿ-17 ಭಾರೀ ಬಾಂಬರ್‌ಗಳು, ಆಮೇಲೆ 47 ಬಿ-25 ಮತ್ತು 40 ಬಿ-26 ಮಧ್ಯಮ ಬಾಂಬರ್‌ಗಳು ಮಠದ ಮೇಲೆ ಹೋದವು. ಕಣಿವೆಯ ಈಚೆ ಬದಿಯ ಟ್ರೋಕಿಯೊ ಗುಡ್ಡದ ಕಡೆಯಿಂದ ಪತ್ರಕರ್ತರೂ ಛಾಯಾಗ್ರಾಹಕರೂ ಅದನ್ನು ನೋಡಿದರು. ಅಲ್ಲಿಂದ ಮಠಕ್ಕೆ ಐದಾರು ಕಿಲೋಮೀಟರ್. ಆಗ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಸಾಮಾನ್ಯವಾಗಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾಕ್ಕೆ 127 ಮಿಲಿಮೀಟರಿನ ಲೆನ್ಸ್, 4×5 ಇಂಚಿನ ಫಿಲ್ಮ್. ಸುಮಾರು 200 ಮೀಟರ್ ಉದ್ದದ ಮಠ ಆರು ಕಿಲೋಮೀಟರ್ ದೂರದಿಂದ ಆ ಫಿಲ್ಮ್ ಮೇಲೆ ಬೀಳುವುದು 4.2 ಮಿಲಿಮೀಟರ್, ಅಕ್ಕಿಕಾಳಿಗಿಂತ ಚಿಕ್ಕದು. ನಿಮ್ಮ ಪುಟದಲ್ಲಿ ಮಠವೊಂದೇ 10 ಸೆಂಟಿಮೀಟರ್ ಇದೆ. ಆ ಲೆನ್ಸಿನಿಂದ ತೆಗೆದದ್ದಾಗಿದ್ದರೆ 24 ಪಟ್ಟು ಹಿಗ್ಗಿಸಬೇಕು; ಆ ಕಾಲದ ಫಿಲ್ಮಿನಲ್ಲಿ ಅಷ್ಟು ಹಿಗ್ಗಿಸಿದರೆ ಕಿಟಕಿಸಾಲು ಬಿಡಿ, ಗೋಡೆಯ ಅಂಚೇ ಪುಡಿಪುಡಿಯಾಗಿ ಕಾಣಬೇಕು. ನಿಮ್ಮ ಚಿತ್ರದಲ್ಲಿ ಕಿಟಕಿಗಳು ಸ್ಪಷ್ಟ. ಅಂದಮೇಲೆ ಅದು ದೂರದರ್ಶಕ ಲೆನ್ಸಿನಿಂದ ತೆಗೆದದ್ದು, ಇಲ್ಲವೇ ತೀರ ಹತ್ತಿರದಿಂದ ತೆಗೆದದ್ದು, ಅದೂ ಇಲ್ಲವೆಂದರೆ ಇತ್ತೀಚೆಗೆ ಕಂಪ್ಯೂಟರಿನಲ್ಲಿ 'ತೀಡಿದ' ಚಿತ್ರ. ಮೂರನೆಯದೇ ಇರಬೇಕೆಂದು ನನ್ನ ಗುಮಾನಿ. ಕಾರಣ, ಹೊಗೆಯ ಮರೆಯಲ್ಲಿರುವ ಕಿಟಕಿಗಳೂ ಬಿಸಿಲಿನಲ್ಲಿರುವ ಕಿಟಕಿಗಳಷ್ಟೇ ಚೂಪಾಗಿವೆ. ಬಣ್ಣ ತುಂಬುವ, ಮಸುಕು ತೆಗೆಯುವ ಸಾಫ್ಟ್‌ವೇರುಗಳು ಇಲ್ಲದ ಕಿಟಕಿ ಕೊರೆಯುತ್ತವೆ, ಇರುವ ಗುಂಡಿ ಮುಚ್ಚುತ್ತವೆ. ಹೊಗೆಯ ಬಣ್ಣವಂತೂ ಪೂರಾ ಅವುಗಳ ಊಹೆ.

ಹೊಗೆಯ ಬಣ್ಣ ಏಕೆ ಮುಖ್ಯ ಎಂದರೆ, ಏನು ಸಿಡಿಯಿತು ಎಂಬುದನ್ನು ಹೇಳುವುದು ಅದೇ. ಭಾರೀ ಸ್ಫೋಟಕ ಬಾಂಬು ತಾಗಿದ ಕೂಡಲೇ ಸಿಡಿದರೆ ಅಗಲವಾದ, ತಗ್ಗಾದ ಸ್ಫೋಟ. ತಡವಾಗಿ ಸಿಡಿದರೆ ಕಿರಿದಾದ, ಎತ್ತರದ ಮಣ್ಣಿನ ಕಂಬ. ಸುಣ್ಣಕಲ್ಲಿನ ಬೆಟ್ಟದಲ್ಲಿ ಆ ಧೂಳು ಬಿಳಿಚಿಕೊಂಡಿರುತ್ತದೆ. ರಂಜಕದ ಗುಂಡು ಸಿಡಿದರೆ ಅಚ್ಚ ಬಿಳಿ ಹೊಗೆ, ಅದರಿಂದ ಚಿಮ್ಮುವ ಎಳೆಗಳು. ಇವೆರಡನ್ನೂ ಬಿಟ್ಟು ಮೂರನೆಯದು ಫಿರಂಗಿಗಳು ಬೇಕೆಂದೇ ಹಾಕುವ ಹೊಗೆಪರದೆ. ನೆಲಕ್ಕೆ ಅಂಟಿಕೊಂಡು ಗಾಳಿಯ ದಿಕ್ಕಿಗೆ ಉದ್ದಕ್ಕೆ ಹರಡುತ್ತದೆ, ಬುಡದಲ್ಲಿ ಸಣ್ಣ ಸಣ್ಣ ಮೂಲಗಳು ಸಾಲಾಗಿ ಇರುತ್ತವೆ. ಫೆಬ್ರುವರಿ 18ರಂದು ರೈಲು ನಿಲ್ದಾಣ ಹಿಡಿದ ನ್ಯೂಜಿಲೆಂಡಿನ ಮಾವೊರಿ ಬೆಟಾಲಿಯನ್ನಿಗೆ ಮಠದ ಬೆಟ್ಟದ ಮೇಲಿನ ಜರ್ಮನ್ ಕಣ್ಣುಗಳಿಂದ ಮರೆ ಕೊಡಲು ಇಂಥ ಪರದೆ ಹಾಕಿದ್ದರು. ಮಾರ್ಚ್‌ನಲ್ಲಿ ದಿನಗಟ್ಟಲೆ ಹಾಕಿದರು. ಕಣಿವೆಯಲ್ಲಿ ಬಿಳಿ ಹೊಗೆ ತುಂಬಿದ ಎಷ್ಟೋ ಚಿತ್ರಗಳಿಗೆ 'ಬಾಂಬ್ ದಾಳಿಗೆ ಹೊತ್ತಿ ಉರಿಯುತ್ತಿರುವ ಕಸ್ಸಿನೊ' ಎಂಬ ಅಡಿಬರಹ ಬೀಳುವುದು ಹೀಗೆ. ಅಲ್ಲಿ ಏನೂ ಉರಿಯುತ್ತಿಲ್ಲ.

ಚಲನಚಿತ್ರದ ತುಣುಕುಗಳಿಗೂ ಇದೇ ಎಚ್ಚರ ಬೇಕು. ಐಮೋ ಎಂಬ 35 ಮಿಲಿಮೀಟರ್ ಕ್ಯಾಮೆರಾದಲ್ಲಿ ನೂರಡಿಯ ರೀಲು. ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿಸಿದರೆ 67 ಸೆಕೆಂಡಿಗೆ ಖಾಲಿ. ಅದು ಕೀಲಿ ಕೊಟ್ಟು ಓಡಿಸುವ ಯಂತ್ರ, ಧ್ವನಿ ಹಿಡಿಯುವುದಿಲ್ಲ. ಆದ್ದರಿಂದ ಕ್ಯಾಮೆರಾದವನು ವಿಮಾನದ ಸದ್ದು ಕೇಳಿದ ಕೂಡಲೇ ಓಡಿಸಲು ಶುರುಮಾಡಿದರೆ ಬಾಂಬು ಬೀಳುವ ಹೊತ್ತಿಗೆ ಫಿಲ್ಮ್ ಮುಗಿದಿರುತ್ತದೆ. ಸ್ಫೋಟ ಕಂಡಮೇಲೆ ಶುರುಮಾಡಿದರೆ ಸಿಗುವುದು ಬರೀ ಹೊಗೆ. ಅಲೆಗಳ ನಡುವಿನ ಬಿಡುವಿನಲ್ಲಿ ರೀಲು ಬದಲಿಸಿ, ಪೂರ್ತಿ ಕೀಲಿ ಕೊಟ್ಟು ಕಾಯಬೇಕು. ಸ್ಥಿರಚಿತ್ರದವನ ಪಾಡು ಇನ್ನೂ ಕಷ್ಟ: ಸ್ಪೀಡ್ ಗ್ರಾಫಿಕ್‌ನ ಒಂದು ಹೋಲ್ಡರಿನಲ್ಲಿ ಎರಡೇ ಹಾಳೆ. ಒಂದು ತೆಗೆದಮೇಲೆ ಬೆಳಕು ತಡೆಯುವ ಸ್ಲೈಡ್ ಹಾಕಿ, ಹೋಲ್ಡರ್ ತಿರುಗಿಸಿ, ಸ್ಲೈಡ್ ಎಳೆದು, ಶಟರ್ ಬಿಗಿಯಬೇಕು. ಹನ್ನೆರಡು ಹಾಳೆಯ ಫಿಲ್ಮ್‌ಪ್ಯಾಕ್ ಇದ್ದರೆ ಕೈ ಚುರುಕಾಗುತ್ತದೆ, ಅಷ್ಟೇ. ಸುದ್ದಿಚಿತ್ರದಲ್ಲಿ ಸ್ಫೋಟ ಕಂಡ ಕ್ಷಣವೇ ಸದ್ದೂ ಕೇಳಿದರೆ ಆ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದಾರೆ ಎಂದೇ ಅರ್ಥ. ಐದಾರು ಕಿಲೋಮೀಟರ್ ದೂರದ ಸ್ಫೋಟದ ಸದ್ದು ಬರಲು 15ರಿಂದ 18 ಸೆಕೆಂಡು ಬೇಕು.

ಮೂರನೆಯ ಚಿತ್ರ ವಿಮಾನದಿಂದ ತೆಗೆದದ್ದು. ಬಾಂಬುಗಳು ಗಾಳಿಯಲ್ಲಿ ಕಾಣುತ್ತವೆ, ಕೆಳಗೆ ಮಠ. 'ಮಠದ ಮೇಲೆ ಬೀಳುತ್ತಿರುವ ಬಾಂಬುಗಳು' ಎಂದಿದ್ದೀರಿ. ಬೀಳುತ್ತಿರುವುದು ನಿಜ, ಆದರೆ ಅವುಗಳ ಕೆಳಗೆ ಕಾಣುವ ಜಾಗಕ್ಕಲ್ಲ. 15,000 ಅಡಿಯಿಂದ ಬಿಟ್ಟ ಬಾಂಬು ನೆಲ ಮುಟ್ಟಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಗಂಟೆಗೆ 200 ಮೈಲಿ ವೇಗದ ವಿಮಾನ ಆ ಹೊತ್ತಿನಲ್ಲಿ 2.7 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಬಾಂಬೂ ಹೆಚ್ಚುಕಡಿಮೆ ಅಷ್ಟೇ ಮುಂದೆ ಸಾಗಿ, ಗಾಳಿಯ ತಡೆಯಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಬಿಟ್ಟು ಎರಡು ಮೂರು ಸೆಕೆಂಡಿನ ಬಾಂಬಿನ ಕೆಳಗೆ ಮಠ ಕಂಡರೆ ಆ ಬಾಂಬುಗಳು ಮಠವನ್ನು ದಾಟಿ ಎಲ್ಲೋ ಬೀಳಲಿವೆ. ದಾಳಿಯ ಕ್ಯಾಮೆರಾವನ್ನು, ಅಂದರೆ ದಾಳಿಯನ್ನು ದಾಖಲಿಸಲು ಬಾಂಬರ್‌ನಲ್ಲೇ ಇಟ್ಟ ಕ್ಯಾಮೆರಾವನ್ನು, ಬಾಂಬು ಬಿಟ್ಟ ಕ್ಷಣದಿಂದ ಕೆಲವು ಸೆಕೆಂಡಿಗೊಂದು ಚಿತ್ರದಂತೆ ತಾನಾಗಿ ಓಡುವ ಹಾಗೆ ಜೋಡಿಸುತ್ತಿದ್ದರು. ಹಾಗಾಗಿ ಅದೇ ಸಾಲಿನ ಮುಂದಿನ ಚಿತ್ರಗಳು ಸಿಗುವ ಸಾಧ್ಯತೆ ಇದೆ. ಬಾಂಬು ಕಾಣುವ ಚಿತ್ರದ ಜೊತೆಗೆ ಅರ್ಧ ನಿಮಿಷ ಆಮೇಲಿನ ಚಿತ್ರ ಹಾಕಿದರೆ ನಿಜವಾಗಿ ಎಲ್ಲಿ ಬಿತ್ತು ಎಂದು ತಿಳಿಯುತ್ತದೆ. ಮೊದಲನೆಯದು ನೋಡಲಷ್ಟೇ ಚೆಂದ, ಎರಡನೆಯದರಿಂದ ಉಪಯೋಗ.

ಈ ಚಿತ್ರಗಳಿಗೆ ಒಂದು ಒಲವೂ ಇದೆ. ದಾಳಿಯ ಕ್ಯಾಮೆರಾ ಪ್ರತಿ ವಿಮಾನದಲ್ಲೂ ಇರುತ್ತಿರಲಿಲ್ಲ, ಗುಂಪಿನ ಕೆಲವು ವಿಮಾನಗಳಲ್ಲಿ ಮಾತ್ರ. ಮೊದಲ ಅಲೆಯವರಿಗೆ ನೆಲ ಸ್ಪಷ್ಟವಾಗಿ ಕಾಣುತ್ತದೆ. ಆಮೇಲಿನವರಿಗೆ ಮೊದಲಿನವರು ಎಬ್ಬಿಸಿದ ಧೂಳು ಮಾತ್ರ. ಪುಸ್ತಕ, ಪತ್ರಿಕೆಗಳಿಗೆ ಆರಿಸುವುದು ಸ್ಪಷ್ಟವಾದ ಚಿತ್ರಗಳನ್ನೇ. ಹೀಗಾಗಿ ನಾವು ನೋಡುತ್ತಾ ಬಂದಿರುವುದೆಲ್ಲ ಬಹುಪಾಲು ಮೊದಲ ಹತ್ತು ನಿಮಿಷದ ದಾಳಿಯನ್ನು. ಗುರಿ ತಪ್ಪುವುದು ಹೆಚ್ಚಾಗುವುದು ಆಮೇಲೆ. ಮಾರ್ಚ್ 15ರಂದು ಕೆಲವು ವಿಮಾನಗಳು ಸುಮಾರು 18 ಕಿಲೋಮೀಟರ್ ದೂರದ ವೆನಾಫ್ರೊ ಊರನ್ನೇ ಕಸ್ಸಿನೊ ಎಂದುಕೊಂಡು ಬಾಂಬು ಹಾಕಿದವು. ಅಲ್ಲಿ ಸತ್ತವರು ಮಿತ್ರಪಡೆಯ ಸೈನಿಕರು ಮತ್ತು ಊರವರು. ಆ ಚಿತ್ರಗಳನ್ನು ಯಾವ ಪುರವಣಿಯೂ ಹಾಕುವುದಿಲ್ಲ.

ವಿಮಾನದಲ್ಲಿ ಕ್ಯಾಮೆರಾಕ್ಕೆ ಬರುವ ಕಾಯಿಲೆಗಳು ಗೊತ್ತಿದ್ದರೆ ಚಿತ್ರದ ಮೇಲಿನ ಗುರುತುಗಳನ್ನು ತಪ್ಪು ಓದುವುದಿಲ್ಲ. ಎತ್ತರದ ಚಳಿಗೆ ಶಟರಿನ ಎಣ್ಣೆ ಗಟ್ಟಿಯಾಗಿ ಶಟರ್ ನಿಧಾನವಾಗುತ್ತದೆ. ಚಿತ್ರ ಹೆಚ್ಚು ಬೆಳಕು ತಿಂದು ಬಿಳಿಚಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ಫಿಲ್ಮನ್ನು ಜೋರಾಗಿ ಸುತ್ತಿದರೆ ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಿ ಮರದ ಬೇರಿನಂಥ ಕವಲುಗೆರೆಗಳು ಮೂಡುತ್ತವೆ. ಅವನ್ನು 'ವಿಮಾನ ನಿರೋಧಕ ಗುಂಡಿನ ಮಿಂಚು' ಎಂದು ಬರೆದದ್ದನ್ನು ನೋಡಿದ್ದೇನೆ. ಚಳಿಯಿಂದ ಕೆಳಗಿಳಿದಾಗ ಗಾಜಿನ ಮೇಲೆ ಇಬ್ಬನಿ ಕೂತು ನಡುಭಾಗ ಮಸುಕಾಗುತ್ತದೆ. ಅದನ್ನು ಹೊಗೆ ಎಂದುಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವ ಕೆ-20 ಕ್ಯಾಮೆರಾದಲ್ಲಿ 50 ಚಿತ್ರಗಳ ರೀಲು. ಅದನ್ನು ಬಂದೂಕಿನ ಕಿಟಕಿಯಿಂದ ಓರೆಯಾಗಿ ತೆಗೆಯುತ್ತಾರೆ. ಅಂಥ ಓರೆಚಿತ್ರದಲ್ಲಿ ಒಂದೇ ಅಳತೆ ಇರುವುದಿಲ್ಲ: ಮುಂದಿನ ನೆಲ ದೊಡ್ಡದು, ಹಿಂದಿನದು ಚಿಕ್ಕದು. ಅದರ ಮೇಲೆ ಅಳತೆಗೆರೆ ಹಾಕಬಾರದು.

ಇನ್ನು ನಾಲ್ಕನೆಯದು. ಮಠದ ಅವಶೇಷದ ಚಿತ್ರ, 'ಫೆಬ್ರುವರಿ 15ರ ದಾಳಿಯ ಪರಿಣಾಮ' ಎಂಬ ಅಡಿಬರಹ. ಈ ತಪ್ಪು ಜಗತ್ತಿನಾದ್ಯಂತ ನಡೆದಿದೆ. ಆ ದಿನ ಒಳಗಿನ ಕಟ್ಟಡಗಳು ಬಹುಪಾಲು ನೆಲಕಚ್ಚಿದರೂ ಬುಡದಲ್ಲಿ ಮೂರು ಮೀಟರ್ ದಪ್ಪವಿದ್ದ ಹೊರಗೋಡೆಗಳು ಬಹಳಷ್ಟು ನಿಂತೇ ಇದ್ದವು. ಮಠದೊಳಗೆ ಆಶ್ರಯ ಪಡೆದಿದ್ದ ಊರವರು ಸತ್ತರು. ಮಠಾಧಿಪತಿ ಗ್ರೆಗೊರಿಯೊ ದಿಯಾಮಾರೆ ಉಳಿದವರೊಂದಿಗೆ 17ರಂದು ಹೊರಬಂದರು. ಜರ್ಮನ್ ಪಡೆ ಅವಶೇಷಗಳೊಳಗೆ ಸೇರಿಕೊಂಡದ್ದು ಆಮೇಲೆ. ಅಲ್ಲಿಂದ ಮೇ 18ರಂದು ಪೋಲಿಷ್ ಸೈನಿಕರು ಬೆಟ್ಟ ಹಿಡಿಯುವವರೆಗೆ ಮೂರು ತಿಂಗಳು ಫಿರಂಗಿ ಗುಂಡು, ಮತ್ತೆ ಬಾಂಬು. ಮಿತ್ರಪಡೆಯವರು ಹತ್ತಿರದಿಂದ ತೆಗೆದ ಅವಶೇಷದ ಚಿತ್ರಗಳು ಮೇ 18ರವು ಇಲ್ಲವೇ ಆಮೇಲಿನವೇ ಆಗಿರಬೇಕು. ಅದಕ್ಕೂ ಮೊದಲು ಮಿತ್ರಪಡೆಯ ಛಾಯಾಗ್ರಾಹಕ ಆ ಅಂಗಳದಲ್ಲಿ ನಿಲ್ಲುವುದು ಹೇಗೆ? ಇಷ್ಟು ಯೋಚಿಸಿದರೂ ಅರ್ಧ ತಪ್ಪು ತಪ್ಪುತ್ತಿತ್ತು.

ದೂರದ ಚಿತ್ರ ಅಥವಾ ವಾಯುಚಿತ್ರವಾದರೆ ತಿಂಗಳನ್ನು ನೆರಳಿನಿಂದ ಹಿಡಿಯಬಹುದು. ಕಸ್ಸಿನೊ ಇರುವುದು 41.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫೆಬ್ರುವರಿ ಮಧ್ಯದಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬಂದಾಗಲೂ ದಿಗಂತದಿಂದ 35.5 ಡಿಗ್ರಿ ಮಾತ್ರ. 30 ಮೀಟರ್ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ, ನೆರಳು 42 ಮೀಟರ್. ಮಾರ್ಚ್ ಮಧ್ಯದಲ್ಲಿ ಅದೇ ಗೋಡೆಗೆ ಸುಮಾರು 29 ಮೀಟರ್. ಮೇ 18ರ ಹೊತ್ತಿಗೆ ಸೂರ್ಯ 68 ಡಿಗ್ರಿ ಏರುತ್ತಾನೆ, ನೆರಳು 12 ಮೀಟರ್. ಬೆಳಿಗ್ಗೆಯೋ ಸಂಜೆಯೋ ತೆಗೆದದ್ದಾದರೆ ನೆರಳು ಇವಕ್ಕಿಂತ ಉದ್ದವೇ ಇರುತ್ತದೆ, ಗಿಡ್ಡ ಎಂದೂ ಇರುವುದಿಲ್ಲ. ಅಂದರೆ ಗೋಡೆಯ ಎತ್ತರದ ಅರ್ಧಕ್ಕಿಂತ ಗಿಡ್ಡ ನೆರಳಿರುವ ಚಿತ್ರ ಫೆಬ್ರುವರಿಯದಾಗಲು ಸಾಧ್ಯವೇ ಇಲ್ಲ. ನೀವು ಹಾಕಿದ ಚಿತ್ರದಲ್ಲಿ ನೆರಳು ಗೋಡೆಯ ಬುಡದಲ್ಲೇ ಮುದುಡಿಕೊಂಡಿದೆ.

ಎರಡನೆಯ ಚಿತ್ರದ ಅಡಿಬರಹದಲ್ಲಿದ್ದ 'ಭಾರತೀಯ ಪಡೆಗಳ ಮುನ್ನಡೆಗೆ ನೆರವಾದ ದಾಳಿ' ಎಂಬ ಮಾತಿಗೂ ಉತ್ತರ ಕೊಡಬೇಕು. ಮಠದ ಮೇಲಿನ ದಾಳಿಯನ್ನು ಕೇಳಿದ್ದು 4ನೇ ಭಾರತೀಯ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಫ್ರಾನ್ಸಿಸ್ ಟ್ಯೂಕರ್. ಆ ಬೇಡಿಕೆಯನ್ನು ಮೇಲಕ್ಕೆ ಒಯ್ದದ್ದು ನ್ಯೂಜಿಲೆಂಡ್ ಕೋರ್‌ನ ಮುಖ್ಯಸ್ಥ ಫ್ರೈಬರ್ಗ್. ಬಾಂಬು ಬಿದ್ದ ಬೆನ್ನಿಗೇ ಕಾಲಾಳುಗಳು ನುಗ್ಗಬೇಕೆಂಬುದು ಇಂಥ ದಾಳಿಯ ಮೊದಲ ನಿಯಮ. ಆದರೆ ಹವಾಮಾನ ನೋಡಿಕೊಂಡು, ಆನ್ಜಿಯೊದಲ್ಲಿ ಕಡಲಿನಿಂದ ದಡ ಹತ್ತಿದ್ದ ಮಿತ್ರಪಡೆಗೂ ವಿಮಾನಗಳು ಬೇಕಿದ್ದರಿಂದ, ದಾಳಿಯನ್ನು ಮುಂಚೆಯೇ ನಡೆಸಿಬಿಟ್ಟರು. ಮಠದ ಹಿಂದಿನ 'ಸ್ನೇಕ್ಸ್‌ಹೆಡ್' ದಿಣ್ಣೆಯಲ್ಲಿದ್ದ ಅದೇ ಡಿವಿಷನ್ನಿನ 7ನೇ ಬ್ರಿಗೇಡಿಗೆ ಹಿಂದೆ ಸರಿಯಲೂ ಸಮಯ ಸಿಗಲಿಲ್ಲ; ಅವರಲ್ಲೇ ಕೆಲವರು ನಮ್ಮದೇ ಬಾಂಬಿಗೆ ಗಾಯಗೊಂಡರು. ಆ ರಾತ್ರಿ ಆ ಬ್ರಿಗೇಡಿನ ಬ್ರಿಟಿಷ್ ಬೆಟಾಲಿಯನ್ ರಾಯಲ್ ಸಸೆಕ್ಸ್‌ನ ಒಂದು ಕಂಪನಿ ಮಾತ್ರ 593 ಎಂಬ ಶಿಖರದ ಮೇಲೆ ದಾಳಿ ಮಾಡಿ ವಾಪಸಾಯಿತು. ರಜಪುತಾನಾ ರೈಫಲ್ಸ್ ಮತ್ತು ಗೂರ್ಖಾಗಳ ದೊಡ್ಡ ದಾಳಿ ನಡೆದದ್ದು 17ರ ರಾತ್ರಿ. ಎರಡು ಹಗಲು, ಎರಡು ರಾತ್ರಿ ಕಳೆದಿತ್ತು. ನೆರವಾಯಿತು ಎನ್ನುವ ಮಾತು ಎಲ್ಲಿಂದ ಬಂತು? ಹೊಗೆಯ ಚಿತ್ರದಿಂದ ಬಂತು. ಅಷ್ಟು ಹೊಗೆ ಎದ್ದಮೇಲೆ ಎದುರಾಳಿ ಉಳಿದಾನೇ ಎಂದು ಅಡಿಬರಹ ಬರೆದವರೂ ಅಂದುಕೊಂಡರು, ಅಂದು ಟ್ರೋಕಿಯೊ ಗುಡ್ಡದಲ್ಲಿ ನಿಂತು ನೋಡಿದವರೂ ಅಂದುಕೊಂಡರು. ಆ ಚಿತ್ರದಲ್ಲಿ ಭಾರತೀಯ ಸೈನಿಕನನ್ನು ಹುಡುಕಿ ಪ್ರಯೋಜನವಿಲ್ಲ: ಏಳು ಕಿಲೋಮೀಟರ್ ದೂರದ ಮನುಷ್ಯ 127 ಮಿಲಿಮೀಟರ್ ಲೆನ್ಸಿನಲ್ಲಿ ಫಿಲ್ಮ್ ಮೇಲೆ 0.03 ಮಿಲಿಮೀಟರ್.

ಕ್ಯಾಮೆರಾದವನ ಸ್ಥಳ ಏಕೆ ಮುಖ್ಯ ಎಂಬುದಕ್ಕೆ ಇನ್ನೊಂದು ದಾಳಿಯ ಮಾತು ಹೇಳಿ ಬಿಡುತ್ತೇನೆ. 1944ರ ಜುಲೈ 25ರಂದು ಫ್ರಾನ್ಸ್‌ನ ಸಾಂ-ಲೋ ಬಳಿ ಅಮೆರಿಕನ್ನರ 'ಕೋಬ್ರಾ' ಕಾರ್ಯಾಚರಣೆ. ಸುಮಾರು 1,500 ಭಾರೀ ಬಾಂಬರ್‌ಗಳಿಗೆ ಕೊಟ್ಟ ಗುರಿ 6.4 ಕಿಲೋಮೀಟರ್ ಅಗಲ, 2.3 ಕಿಲೋಮೀಟರ್ ಆಳದ ಒಂದು ಆಯತ. ಅದರ ಉತ್ತರದ ಎಲ್ಲೆ ಪೆರಿಯೆ ಕಡೆಗೆ ಹೋಗುವ ರಸ್ತೆ. ಕಸ್ಸಿನೊದ ಪಾಠ ಕಲಿತು ಇಲ್ಲಿ ದೊಡ್ಡ ಗುಂಡಿ ತೋಡದ ನೂರು ಪೌಂಡಿನ ಬಾಂಬು, ಚೂರು ಚೆಲ್ಲುವ ಬಾಂಬುಗಳನ್ನು ಹೆಚ್ಚಾಗಿ ಬಳಸಿದರು. ಸೈನಿಕರನ್ನು ರಸ್ತೆಯಿಂದ 1,200 ಗಜ, ಅಂದರೆ 1.1 ಕಿಲೋಮೀಟರ್ ಹಿಂದಕ್ಕೆ ಸರಿಸಿದರು. ವಿಮಾನಗಳು ರಸ್ತೆಗೆ ಸಮಾನಾಂತರವಾಗಿ ಬರಲಿ ಎಂದು ಅಲ್ಲಿನ ಅಮೆರಿಕನ್ ಸೇನೆಯ ಮುಖ್ಯಸ್ಥ ಬ್ರಾಡ್ಲಿ ಬಯಸಿದ್ದರು. ಆದರೆ ಅಷ್ಟು ವಿಮಾನಗಳು ಆ ಕಿರಿದಾದ ಬದಿಯಿಂದ ಒಂದು ಗಂಟೆಯಲ್ಲಿ ಹಾಯಲಾರವು, ಹಾಗಾಗಿ ತಮ್ಮ ಸೈನಿಕರ ತಲೆಯ ಮೇಲಿಂದಲೇ ಬಂದವು. ದಕ್ಷಿಣದಿಂದ ಬೀಸುತ್ತಿದ್ದ ಗಾಳಿ ಮೊದಲ ಬಾಂಬುಗಳ ಧೂಳನ್ನು ರಸ್ತೆಯ ಮೇಲಕ್ಕೆ, ಆಮೇಲೆ ಉತ್ತರಕ್ಕೆ ತಳ್ಳಿತು. ರಸ್ತೆ ಮರೆಯಾಯಿತು, ಗುರುತಿಗೆ ಹಾಕಿದ ಕೆಂಪು ಹೊಗೆಯೂ ಧೂಳಿನಲ್ಲಿ ಬೆರೆತುಹೋಯಿತು. ಹಿಂದೆ ಬಂದವರು ಧೂಳಿನ ಅಂಚನ್ನೇ ಗುರಿಯ ಅಂಚೆಂದು ಭಾವಿಸಿ ಬಾಂಬು ಬಿಟ್ಟರು. 111 ಅಮೆರಿಕನ್ ಸೈನಿಕರು ಸತ್ತರು, 490 ಜನ ಗಾಯಗೊಂಡರು. ಸತ್ತವರಲ್ಲಿ ಲೆಫ್ಟಿನೆಂಟ್ ಜನರಲ್ ಲೆಸ್ಲಿ ಮೆಕ್‌ನೇರ್ ಇದ್ದರು. ಅದೇ ದಿನ ಅಸೋಸಿಯೇಟೆಡ್ ಪ್ರೆಸ್‌ನ ಛಾಯಾಗ್ರಾಹಕ ಬೀಡ್ ಅರ್ವಿನ್ ಅವರೂ ಸತ್ತರು.

ಇಲ್ಲಿಯ ಲೆಕ್ಕ ಸರಳ, ಕ್ರೂರ. ಗಂಟೆಗೆ 200 ಮೈಲಿಯ ವಿಮಾನ ಸೆಕೆಂಡಿಗೆ 90 ಮೀಟರ್ ಹಾರುತ್ತದೆ. ಒಂದು ಸೆಕೆಂಡು ಮುಂಚೆ ಬಿಟ್ಟರೆ ಬಾಂಬು 90 ಮೀಟರ್ ಈಚೆ. 1.1 ಕಿಲೋಮೀಟರಿನ ಸುರಕ್ಷಿತ ಅಂತರ ಎಂದರೆ ಹನ್ನೆರಡೇ ಸೆಕೆಂಡು. ಅದೂ ಇಡೀ ಗುಂಪು ಮುಂದಾಳು ವಿಮಾನ ಬಿಟ್ಟದ್ದನ್ನು ನೋಡಿ ಬಿಡುವುದರಿಂದ ಒಬ್ಬನ ತಪ್ಪು ಗುಂಪಿನ ತಪ್ಪಾಗುತ್ತದೆ. ಬಾಂಬಿನ ತಪ್ಪು ಪಕ್ಕಕ್ಕಿಂತ ವಿಮಾನ ಹಾರುವ ಗೆರೆಯ ಉದ್ದಕ್ಕೇ ಹೆಚ್ಚು. ಹಾಗಾಗಿ ಚಿತ್ರ ತೆಗೆಯುವವನು ಆ ಗೆರೆಯ ಕೆಳಗೆ ನಿಲ್ಲಬಾರದು, ಬದಿಯಲ್ಲಿ ನಿಲ್ಲಬೇಕು. ಬದಿಯಿಂದ ತೆಗೆದ ಚಿತ್ರವೇ ಹೆಚ್ಚು ಹೇಳುತ್ತದೆ ಕೂಡ: ಹೊಗೆಕಂಬಗಳ ವಾಲಿನಿಂದ ಗಾಳಿಯ ದಿಕ್ಕು, ಅವುಗಳ ನಡುವಿನ ಅಂತರದಿಂದ ಅಲೆಗಳ ಕ್ರಮ ತಿಳಿಯುತ್ತದೆ. ಹಿಂದಿನಿಂದ ತೆಗೆದ ಚಿತ್ರದಲ್ಲಿ ಬರೀ ಹೊಗೆಯ ಒಂದು ಗೋಡೆ.

ಕೊನೆಗೆ ಕೆಲಸದ ಮಾತು. ನೀವು ಬಳಸಿದ ಚಿತ್ರಗಳ ಕೆಳಅಂಚನ್ನು ಕತ್ತರಿಸಿದ್ದೀರಿ. ವಾಯುಚಿತ್ರದ ಅಂಚಿನ ಪಟ್ಟಿಯಲ್ಲೇ ಹಾರಾಟದ ಸಂಖ್ಯೆ, ದಳ, ದಿನಾಂಕ, ಲೆನ್ಸಿನ ಇಂಚು, ಹಲವು ಬಾರಿ ಎತ್ತರವೂ ಬರೆದಿರುತ್ತವೆ. ಪಟ್ಟಿ ಕೊಳಕಾಗಿ ಕಂಡರೂ ಅದನ್ನು ಉಳಿಸಿ. ಸುದ್ದಿಸಂಸ್ಥೆಯ ಚಿತ್ರವಾದರೆ ಹಿಂಬದಿಯ ಮುದ್ರೆ ನೋಡಿ. ಅಲ್ಲಿರುವ ದಿನಾಂಕ ಸೆನ್ಸಾರ್ ದಾಟಿ ಬಿಡುಗಡೆಯಾದ ದಿನದ್ದಿರಬಹುದು, ತೆಗೆದ ದಿನದ್ದೆಂದು ಎಣಿಸಬೇಡಿ. ಯುದ್ಧಕಾಲದಲ್ಲಿ ಒಬ್ಬನ ಚಿತ್ರವನ್ನು ಎಲ್ಲ ಸಂಸ್ಥೆಗಳೂ ಹಂಚಿಕೊಳ್ಳುತ್ತಿದ್ದವು, ಪ್ರತಿಯೊಂದೂ ತನ್ನದೇ ಅಡಿಬರಹ ಬರೆಯುತ್ತಿತ್ತು. ಒಂದೇ ಚಿತ್ರಕ್ಕೆ ಮೂರು ದಿನಾಂಕ ಸಿಕ್ಕರೆ ಆಶ್ಚರ್ಯವಿಲ್ಲ. ಬ್ರಿಟಿಷ್ ಸೇನೆಯ ಚಿತ್ರಘಟಕದವರು ಇಟಲಿಯಲ್ಲಿ ತೆಗೆದವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ 'ಎನ್‌ಎ' ಸರಣಿಯಲ್ಲಿವೆ. ವಿಚಕ್ಷಣ ವಿಮಾನಗಳ ಚಿತ್ರಗಳಿಗೆ ಎಡಿನ್‌ಬರೊದ ರಾಷ್ಟ್ರೀಯ ವಾಯುಚಿತ್ರ ಸಂಗ್ರಹವನ್ನು, ಅಮೆರಿಕನ್ನರ ದಾಳಿಚಿತ್ರಗಳಿಗೆ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರವನ್ನು ಕೇಳಬೇಕು. ಕೇಳುವಾಗ ಮುಂಬದಿ, ಹಿಂಬದಿ ಎರಡರ ಸ್ಕ್ಯಾನನ್ನೂ ಅಂಚು ಕತ್ತರಿಸದೆ ಕಳಿಸಲು ಹೇಳಿ. ಲಂಬಚಿತ್ರವಾದರೆ ಅದೇ ಸಾಲಿನ ಪಕ್ಕದ ಚಿತ್ರವನ್ನೂ ತರಿಸಿ. ಎರಡರಲ್ಲೂ ನೆಲದ ಶೇ 60 ಭಾಗ ಒಂದೇ ಆಗಿರುವಂತೆ ತೆಗೆದಿರುತ್ತಾರೆ. ಜೋಡಿಯನ್ನು ಎರಡು ಚಿತ್ರ ಕೂಡಿಸಿ ಆಳ-ಎತ್ತರ ತೋರಿಸುವ ಸ್ಟೀರಿಯೊಸ್ಕೋಪಿನ ಕೆಳಗಿಟ್ಟರೆ ಗುಂಡಿ ಯಾವುದು, ದಿಬ್ಬ ಯಾವುದು, ನಿಂತ ಗೋಡೆ ಯಾವುದು ಎಂಬ ಚರ್ಚೆಯೇ ಬರುವುದಿಲ್ಲ.

ಇಂತಿ,
ನಿಮ್ಮ ಓದುಗ,
ಹಲಸೂರು, ಬೆಂಗಳೂರು